ಮನೆಗೇ ಬಂದು ಕೂದಲು ಕತ್ತರಿಸಲಾಗುವುದು

ಹೆಡ್‌ಮಿಸ್ಟ್ರೆಸ್ ಅಜ್ಜಿಯ ಕೂದಲು ಜಡೆಗಟ್ಟಿ ಹೋಗಿತ್ತು. ದಿಂಬಿಗೆ ಒತ್ತಿಕೊಂಡ ಹಿಂಭಾಗವಂತೂ ಹಳೇ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ, ಬಾಚಣಿಗೆ ಮುಟ್ಟಿಸಿದರೆ ಸಾಕು, ಅಜ್ಜಿ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗುತ್ತಿದ್ದರು. ಸಾವಿರಾರು ಮಕ್ಕಳನ್ನು ಒಂದೇ ನೋಟದಲ್ಲಿ ಸಾಲಾಗಿ ನಿಲ್ಲಿಸಿದ್ದ ಹೆಂಗಸು ಈಗ ತನ್ನ ತಲೆಯನ್ನು ಯಾರೂ ನೋಡದಿರಲಿ ಎಂದು ಹೊದಿಕೆಯನ್ನು ಹಣೆಯವರೆಗೆ ಎಳೆದುಕೊಳ್ಳುವಂತಾಗಿತ್ತು.

ಅಜ್ಜಿಯಂಥ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆ ಆರೈಕೆ ಮನೆಗೂ ಊರಿನ ಒಂದು ಸಲೂನಿಗೂ ಒಪ್ಪಂದವಿತ್ತು. ಅಲ್ಲಿಂದ ಬರುವ ಹೆಂಗಸು ಕೆಳಗಿನ ಹಜಾರದಲ್ಲಿ ಕುರ್ಚಿ ಹಾಕಿಸಿಕೊಂಡು, ಕುರ್ಚಿಯವರೆಗೆ ಬರಬಲ್ಲವರ ತಲೆಯನ್ನಷ್ಟೇ ಮುಟ್ಟಿ ಹೋಗುತ್ತಿದ್ದಳು. ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದವರ ಕಥೆಯೇನೆಂದು ಕೇಳಿದರೆ, "ನನ್ನ ಬೆನ್ನು ಅಷ್ಟು ಬಗ್ಗಲ್ಲಪ್ಪ" ಅನ್ನುವಳು.

ಆ ಮೇಲಿನ ಮಹಡಿಯ ಆರೈಕೆ ಕೆಲಸದವಳು ಚೂಟಿ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು. ಒಂದು ಕಡೆ ನಿಲ್ಲದ ಅವಳ ಕೈಕಾಲು ನೋಡಿ ಅಪ್ಪ ಕರೆದ ಹೆಸರು ಮಾತ್ರ ಮದುವೆಯಾದರೂ ಬಿಡಲಿಲ್ಲ, ಸಮುದ್ರ ದಾಟಿದರೂ ಬಿಡಲಿಲ್ಲ. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆಂದು ಈ ದೇಶಕ್ಕೆ ಬಂದಾಗ ಅವಳೂ ಬಂದವಳು, ಭಾಷೆ ಕಲಿತು ಆರೈಕೆ ಮನೆ ಸೇರಿಕೊಂಡಳು. ಮೈ ತೊಳೆಯುವುದು, ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು, ಒದ್ದೆಯಾದ ಹಾಸು ಬದಲಿಸುವುದು. ಕೆಲಸ ಕಷ್ಟದ್ದೇ. ಆದರೆ ಅವಳಿಗೆ ಬೇಸರ ತರಿಸುತ್ತಿದ್ದುದು ಕಷ್ಟವಲ್ಲ, ಗಡಿಯಾರ. ಒಬ್ಬೊಬ್ಬರಿಗೆ ಇಷ್ಟಿಷ್ಟೇ ಹೊತ್ತು ಎಂದು ಮ್ಯಾನೇಜರ್ ಗೆರೆ ಎಳೆದಿಟ್ಟಿದ್ದ.

ಒಂದು ಮಧ್ಯಾಹ್ನ ತನ್ನ ಪಾಳಿ ಮುಗಿದ ಮೇಲೆ ಅವಳು ಅಜ್ಜಿಯ ಕೋಣೆಗೆ ವಾಪಸು ಬಂದಳು. ಕೈಚೀಲದಲ್ಲಿ ಮನೆಯಲ್ಲಿ ಗಂಡನ ಕೂದಲು ಕತ್ತರಿಸುತ್ತಿದ್ದ ಕತ್ತರಿ ಇತ್ತು.

"ಅಜ್ಜಿ, ನಿಮ್ಮ ತಲೆ ನನ್ನ ಕೈಗೆ ಕೊಡ್ತೀರಾ?"

"ನಿನಗೆ ಬರುತ್ತಾ?"

"ಬರುತ್ತೆ."

"ಯಾರು ಹೇಳಿಕೊಟ್ಟರು?"

"ನಮ್ಮಪ್ಪ. ಕಟಿಂಗ್ ಶಾಪ್ ಇದೆ ಅವರದು. ಕಾಯಿಲೆಯವರಿದ್ದರೆ ಮನೆಗೇ ಹೋಗಿ ಮಾಡೋರು. ನಾನು ಜೊತೆಗೆ ಹೋಗ್ತಿದ್ದೆ."

ಅದು ಪೂರ್ತಿ ನಿಜ. ಅಪ್ಪನಿಗೆ ಮೂವರೂ ಹೆಣ್ಣುಮಕ್ಕಳು. ಅಂಗಡಿಯಲ್ಲಿ ಹುಡುಗಿಯ ಕೈಗೆ ಗಲ್ಲ ಕೊಡಲು ಗಂಡಸರು ತಯಾರಿರಲಿಲ್ಲ. ಕಾಯಿಲೆ ಬಿದ್ದವರಿಗೆ ಮಾತ್ರ ಅಂಥ ಬಿಂಕವಿರಲಿಲ್ಲ. ಹಾಗಾಗಿ ಚೂಟಿ ಕಲಿತದ್ದೆಲ್ಲ ಮಲಗಿದವರ ತಲೆಯ ಮೇಲೆ.

ಅವಳು ಕುತ್ತಿಗೆಯ ಕೆಳಗೆ ಟವೆಲಿನ ಸುರುಳಿ ಇಟ್ಟಳು. ದಿಂಬಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದಳು. ಗಂಟುಗಳನ್ನು ಎಣ್ಣೆ ಹಚ್ಚಿ ಬೆರಳಿನಿಂದಲೇ ಬಿಡಿಸಿದಳು. ಬಿಡದವನ್ನು ಬುಡ ಹಿಡಿದುಕೊಂಡು, ನೋವು ತಲೆಗೆ ತಲುಪದ ಹಾಗೆ ಕತ್ತರಿಸಿದಳು. ಒಂದು ಕಡೆ ಮುಗಿಸಿ, ಮಗುವನ್ನು ಹೊರಳಿಸುವಂತೆ ತಲೆಯನ್ನು ಅಂಗೈಯಲ್ಲಿ ಹೊರಳಿಸಿ ಇನ್ನೊಂದು ಕಡೆ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ತೆಗೆದು ಪೌಡರ್ ಹಾಕಿದಳು. ಅಷ್ಟು ಹೊತ್ತೂ ಅಜ್ಜಿ ಕಣ್ಣು ಮುಚ್ಚಿಯೇ ಇದ್ದರು. ಕೊನೆಗೆ ಕನ್ನಡಿ ಹಿಡಿದಾಗ ಅದರೊಳಗಿನ ಹೆಂಗಸನ್ನೇ ಬಹಳ ಹೊತ್ತು ನೋಡಿ, "ಬಂದಳಪ್ಪ ಕೊನೆಗೂ. ಎಲ್ಲಿ ಹೋಗಿದ್ದಳೋ ಇಷ್ಟು ದಿನ" ಎಂದರು.

ಸಂಜೆ ನೋಡಲು ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಆಕೆ ಸಿಟಿ ಬಸ್ಸಿನ ಚಾಲಕಿ, ಎತ್ತರದ ದನಿಯವಳು. ಅವತ್ತು ಮೆಲ್ಲಗೆ ಬಂದು ಅಮ್ಮನ ತಲೆ ಸವರಿದಳು. ಮಾರನೆಯ ದಿನ ಚೂಟಿಯನ್ನು ಹುಡುಕಿಕೊಂಡು ಬಂದು, "ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಮಲಗಿದ್ದಾರೆ. ಯಾವ ಸಲೂನಿನವರೂ ಮನೆಗೆ ಬರಲ್ಲ ಅಂತಾರೆ. ನೀನು ಬರ್ತೀಯಾ?" ಎಂದು ಕೇಳಿದಳು.

ಚೂಟಿ ಹೋದಳು. ಆ ಮನೆಯವರು ಇನ್ನೊಂದು ಮನೆ ಹೇಳಿದರು. ಆ ಇನ್ನೊಂದು ಮನೆಯವರು ಮತ್ತೊಂದು. ಆಮೇಲೆ ಅವಳಿಗೇ ಒಂದು ವಿಷಯ ಖಚಿತವಾಯಿತು: ಇದು ಉಪಕಾರವಲ್ಲ, ಕಸುಬು. ಕಸುಬು ಎಂದಮೇಲೆ ಕಸುಬಿನ ಹಾಗೆ ಮಾಡಬೇಕು.

* * *

"ಬೇಡ" ಎಂದ ಗಂಡ. ತಟ್ಟೆಯಿಂದ ತಲೆಯೆತ್ತಲೂ ಇಲ್ಲ. "ನಾವು ಬಂದಿರೋದು ಬೇರೆಯವರ ದೇಶಕ್ಕೆ. ಕೊಟ್ಟ ಕೆಲಸ ಮಾಡ್ಕೊಂಡು ಇರೋಣ."

"ಕೊಟ್ಟ ಕೆಲಸ ಬಿಡ್ತೀನಿ ಅಂದ್ನಾ? ಅದೂ ಮಾಡ್ತೀನಿ, ಇದೂ ಮಾಡ್ತೀನಿ."

"ಅಕ್ಕನ್ನ ಒಂದು ಮಾತು ಕೇಳೋಣ."

ಅಕ್ಕ ಎಂದರೆ ಅವನ ಅಕ್ಕ, ಚೂಟಿಗೆ ಅತ್ತಿಗೆ. ಇವರಿಗಿಂತ ಎಷ್ಟೋ ವರ್ಷ ಮೊದಲೇ ಬಂದು ನೆಲೆಯೂರಿದವಳು. ಇವರಿಗೆ ಮನೆ ಹುಡುಕಿ ಕೊಟ್ಟವಳು, ಮೊದಲ ಚಳಿಗೆ ತನ್ನ ಹಳೇ ಕೋಟು ಕೊಟ್ಟವಳು, ಆ ಕೋಟಿನ ವಿಷಯವನ್ನು ಇವತ್ತಿನವರೆಗೂ ಮರೆಯಲು ಬಿಡದವಳು. ಅವಳ ಮಾತನ್ನು ತಮ್ಮ ಮೀರಿದ್ದಿಲ್ಲ.

ಭಾನುವಾರ ಅಕ್ಕ ಬಂದು ಸೋಫಾದ ಮಧ್ಯದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದರೆ ನಗುತ್ತಾ ಹೇಳಿದಳು, "ಅಯ್ಯೋ, ಇಷ್ಟೇನಾ? ಮಾಡು. ಯಾರು ಬೇಡ ಅಂದ್ರು? ಕದ್ದುಮುಚ್ಚಿ ಮಾಡು ಅಷ್ಟೇ. ಕೈಗೆ ಕೊಟ್ಟಿದ್ದು ಈಸ್ಕೊ, ಬಾಯಿ ಮುಚ್ಕೊಂಡಿರು. ಕಚೇರಿ ಗಿಚೇರಿ ಅಂತ ಹೋದ್ಯೋ, ಮುಗೀತು ಕಥೆ. ಆಗಲೇ ಸಂಬಳದಲ್ಲಿ ಸಾಮಾಜಿಕ ಭದ್ರತೆ ಅಂತ, ಕಾಯಿಲೆಗೆ ಪಿಂಚಣಿಗೆ ಅಂತ ತಿಂಗಳಾ ತಿಂಗಳಾ ಹಿಡ್ಕೊಳ್ತಾರೆ. ಇದಕ್ಕೂ ಕೈ ಚಾಚ್ತಾರೆ. ನಿನ್ನ ಮ್ಯಾನೇಜರಿಗೆ ಗೊತ್ತಾದ್ರೆ ಇರೋ ಕೆಲಸಕ್ಕೂ ಕುತ್ತು."

"ಕದ್ದುಮುಚ್ಚಿ ಮಾಡೋಕೆ ನಾನೇನು ಕಳ್ಳತನ ಮಾಡ್ತಿದ್ದೀನಾ ಅಕ್ಕ?"

"ಕಳ್ಳತನ ಅಂದ್ನಾ? ಸ್ವಲ್ಪ ಮರ್ಯಾದೆಯಿಂದ ಇರು ಅಂದೆ. ನಮ್ಮವರು ಹತ್ತು ಜನ ಇದ್ದಾರೆ ಈ ಊರಲ್ಲಿ. ಅವರ ಕಿವಿಗೆ ಬೀಳಬಾರದು."

ಅಲ್ಲಿಗೆ ಬಂತು ನಿಜವಾದ ವಿಷಯ. ಈ ಊರಿನ ಕನ್ನಡದವರ ನಡುವೆ ಅಕ್ಕ ತನ್ನ ತವರಿನ ಬಗ್ಗೆ ಮಾತು ಬಂದಾಗಲೆಲ್ಲ "ನಮ್ಮ ತಂದೆಯವರದು ಬಿಸಿನೆಸ್" ಎಂದುಬಿಡುತ್ತಿದ್ದಳು. ಎಂಥ ಬಿಸಿನೆಸ್ ಎಂದು ಯಾರೂ ಕೇಳುವ ಮೊದಲೇ ಕಾಫಿ ತರಲು ಏಳುತ್ತಿದ್ದಳು. ಅವಳ ತಂದೆಯದೂ ಕಟಿಂಗ್ ಶಾಪೇ. ಚೂಟಿಯ ಅಪ್ಪನ ಅಂಗಡಿಯಿಂದ ಒಂದು ರಸ್ತೆ ಆಚೆ.

ಅವತ್ತು ಚೂಟಿ ವಾದ ಮಾಡಲಿಲ್ಲ. ಅಕ್ಕ ಹೋದ ಮೇಲೆ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಲೇ ಫೋನ್ ಕಿವಿಗಿಟ್ಟುಕೊಂಡಿರಬೇಕು, ಬ್ರಷ್ ಬಟ್ಟಲಿಗೆ ಬಡಿಯುವ ಸದ್ದು ಕೇಳುತ್ತಿತ್ತು.

"ಬೋರ್ಡ್ ಹಾಕ್ತೀಯಾ?" ಎಂದು ಕೇಳಿದರು ಅಪ್ಪ.

"ಗೊತ್ತಿಲ್ಲಪ್ಪ. ಹಾಕಬಾರದು ಅಂತಾರೆ."

"ಬೋರ್ಡ್ ಇಲ್ಲದಿದ್ರೆ ಜನ ನಿನ್ನ ಹುಡುಕೋದು ಹೆಂಗೆ? ಹಾಕೋ ಹಂಗಿದ್ರೆ ಮಾಡು. ಇಲ್ಲದಿದ್ರೆ ಗಂಡನ ತಲೆ ಕತ್ತರಿಸ್ಕೊಂಡು ಸುಮ್ಮನಿರು." ಆಮೇಲೆ ಕುರ್ಚಿಯಲ್ಲಿದ್ದವರಿಗೆ, "ಅಲ್ಲಾಡಬೇಡಿ ಯಜಮಾನ್ರೇ, ಮಗಳು ಅಂಗಡಿ ಇಡ್ತಾಳಂತೆ" ಎಂದು ಹೇಳಿದ್ದೂ ಕೇಳಿಸಿತು.

ಅಷ್ಟು ಸಾಕಾಯಿತು ಅವಳಿಗೆ.

* * *

ಸಂಬಳದಿಂದ ಹಿಡಿದ ಕಂತು ಹೋಗಿ ಸೇರುವ ವಿಮೆ ಕಚೇರಿಯಲ್ಲಿ ಕಾಯುವವರ ಬೆಂಚುಗಳೆಲ್ಲ ತುಂಬಿದ್ದವು. ತನ್ನ ಸರದಿ ಬಂದಾಗ ಚೂಟಿ ಗಾಜಿನ ಮುಂದೆ ಹೋಗಿ ನಿಂತಳು. ಗಾಜಿನ ಆಚೆ ಕೂತಿದ್ದ ಗಡ್ಡದ ಗುಮಾಸ್ತ ಸಿಡುಕನೂ ಅಲ್ಲ, ನಗುಮುಖದವನೂ ಅಲ್ಲ. ದಿನಕ್ಕೆ ಎಷ್ಟೋ ಜನರಿಗೆ ಹೇಳಿದ್ದನ್ನೇ ಹೇಳಿ ಸವೆದ ದನಿ.

"ನಾನು ಒಂದು ಕಡೆ ಸಂಬಳಕ್ಕಿದ್ದೀನಿ" ಎಂದಳು ಚೂಟಿ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯವನ್ನು. "ನನ್ನ ಸಾಮಾಜಿಕ ಭದ್ರತೆಯ ಕಂತು ಅಲ್ಲಿಂದ ಬರುತ್ತೆ. ಈಗ ಸ್ವಂತದ್ದೂ ಶುರು ಮಾಡಬೇಕು. ತಪ್ಪಾ?"

"ಮಾಡೋದು ತಪ್ಪಲ್ಲ. ಮುಚ್ಚಿಡೋದು ತಪ್ಪು" ಎಂದ ಅವನು. ಅವಳ ವಾಸದ ಅನುಮತಿ ನೋಡಿ, ಅದರಲ್ಲಿ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ ಎಂದ. "ಎರಡರಲ್ಲಿ ಮುಖ್ಯ ಕೆಲಸ ಯಾವುದು?"

"ಆರೈಕೆ ಮನೆ."

"ಹಾಗಾದ್ರೆ ನಿಮ್ಮ ಆರೋಗ್ಯ ವಿಮೆ ಅಲ್ಲಿಂದಲೇ ನಡೆಯುತ್ತೆ. ಸ್ವಂತದ್ದು ಅದಕ್ಕಿಂತ ದೊಡ್ಡದಾದರೆ ಬಂದು ಹೇಳಿ, ಆಗ ಲೆಕ್ಕ ಬೇರೆ. ಸ್ವಂತ ಕೆಲಸದಲ್ಲಿ ಕೈಕಾಲಿಗೆ ಏನಾದ್ರೂ ಆದರೆ ಅಂತ ಬೇರೆ ಕಂತು ಇದೆ, ಅದನ್ನ ನೀವೇ ಕಟ್ಟಬೇಕು. ನಿಮ್ಮ ಮಾಲೀಕರಿಗೆ ಮೊದಲೇ ತಿಳಿಸಿ. ಕೂದಲಿನ ಕೆಲಸಕ್ಕೆ ಪರೀಕ್ಷೆ ಪಾಸಾಗಿರಬೇಕು, ಅದು ಮೂರನೇ ಮಹಡಿ."

ಇಷ್ಟೇ? ಎನ್ನಿಸಿತು ಅವಳಿಗೆ. ಇಷ್ಟಕ್ಕೇ ಇಷ್ಟು ಜನ ಇಷ್ಟು ವರ್ಷ ಬೆದರಿ ಬಾಳಿದ್ದು? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅವಳಿಗೆ ಸಮಾಧಾನದ ಜೊತೆಗೆ ಸಿಟ್ಟೂ ಬಂತು. ತಿಂಗಳಾ ತಿಂಗಳಾ ಸಂಬಳದಿಂದ ಹಿಡಿದದ್ದನ್ನು ಅವಳು ಈವರೆಗೆ ದಂಡ ಎಂದುಕೊಂಡಿದ್ದಳು, ಹೊರಗಿನವಳಾಗಿ ಇರುವುದಕ್ಕೆ ತೆರುವ ದಂಡ. ಅದು ದಂಡವಲ್ಲ. ಈ ಊರಿನವರಂತೆ ತಾನೂ ಕಟ್ಟುತ್ತಿರುವ ಪಾಲು. ಪಾಲು ಕಟ್ಟಿದವಳು ಕದ್ದು ಏಕೆ ಓಡಾಡಬೇಕು?

ಪರೀಕ್ಷೆಗೆ ಕಟ್ಟಿದಳು. ಮೊದಲ ಸಲ ಫೇಲಾದಳು. ಬಣ್ಣ ಹಚ್ಚುವ ರಾಸಾಯನಿಕದ ಬಗ್ಗೆ ಅವಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಗಂಡ, "ಹೋಗ್ಲಿ ಬಿಡು" ಎಂದ. ಅವಳು ಬಿಡಲಿಲ್ಲ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಒಲೆಯ ಮುಂದೆ ನಿಂತು ಓದಿದಳು. ಎರಡನೇ ಸಲ ಪಾಸಾದಳು, ಕಷ್ಟಪಟ್ಟು, ಅಂಚಿನಲ್ಲಿ. ಅಂಚಾದರೇನು, ಒಳಗೆ ಬಿದ್ದರಾಯಿತು.

ಮ್ಯಾನೇಜರನಿಗೂ ಬರೆದು ತಿಳಿಸಿದಳು: ರಜೆಯ ದಿನಗಳಲ್ಲಿ ಮಾತ್ರ ಮಾಡುತ್ತೇನೆ, ಇಲ್ಲಿನ ಕೆಲಸಕ್ಕೆ ತೊಂದರೆಯಾಗದು. ಅವನಿಂದ ಹೂಂ ಎಂದೂ ಬರಲಿಲ್ಲ, ಊಹೂಂ ಎಂದೂ ಬರಲಿಲ್ಲ. ತಿಂಗಳು ದಾಟಿತು. ಮೌನವನ್ನು ಒಪ್ಪಿಗೆಯೆಂದು ಹಿಡಿದು ಅವಳು ಬೋರ್ಡು ಬರೆಯಲು ಕೊಟ್ಟಳು.

* * *

ಬೋರ್ಡು ದೊಡ್ಡದೇನಲ್ಲ, ಊಟದ ತಟ್ಟೆಯಷ್ಟು ಅಗಲ. ಬೀದಿಬಾಗಿಲಿನ ಪಕ್ಕದ ಗೋಡೆಗೆ ಹಾಕಲು ಮನೆಯೊಡತಿ ಒಪ್ಪಿದ್ದಳು. ಮೇಲೆ ಆ ದೇಶದ ಭಾಷೆಯಲ್ಲಿ ಎರಡು ಸಾಲು, ಫೋನ್ ನಂಬರು. ಅದರ ಕೆಳಗೆ ಕನ್ನಡದಲ್ಲಿ: ಮನೆಗೇ ಬಂದು ಕೂದಲು ಕತ್ತರಿಸಲಾಗುವುದು.

"ಕನ್ನಡ ಯಾಕೆ?" ಎಂದು ಗಂಡ ಮೆಲ್ಲಗೆ ಕೇಳಿದ. "ಇಲ್ಲಿ ಯಾರು ಓದ್ತಾರೆ?"

"ನಾನು ಓದ್ತೀನಿ. ದಿನಾ ಬರ್ತಾ ಹೋಗ್ತಾ."

ಗಂಡನೇ ಗೋಡೆಗೆ ತೂತು ಕೊರೆದು ಬೋರ್ಡು ಏರಿಸಿದ. ಮನಸ್ಸಿಲ್ಲದ ಕೆಲಸ, ಹಾಗಾಗಿ ಒಂದು ಸ್ಕ್ರೂ ಅರ್ಧಕ್ಕೇ ನಿಂತಿತ್ತು, ಬೋರ್ಡು ಒಂದು ಮೂಲೆಗೆ ವಾಲಿತ್ತು.

ಮೂರು ದಿನವೂ ಆಗಿರಲಿಲ್ಲ, ಅಕ್ಕ ಬಂದಳು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನಿಂತೇ ಮಾತಾಡಿದಳು.

"ತೆಗೀರಿ ಅದನ್ನ."

"ಯಾವುದನ್ನ ಅಕ್ಕ?" ಎಂದಳು ಚೂಟಿ.

"ಗೊತ್ತಿಲ್ಲದ ಹಾಗೆ ಆಡಬೇಡ. ಫೋಟೋ ತೆಗೆದು ನಮ್ಮವರ ಗುಂಪಲ್ಲಿ ಹಾಕಿದ್ದಾರೆ. 'ಇದು ನಿಮ್ಮ ತಮ್ಮನ ಮನೆ ಅಲ್ವಾ' ಅಂತ ನನ್ನನ್ನ ಕೇಳ್ತಾರೆ. ಏನು ಹೇಳ್ಲಿ ನಾನು?"

"ಹೌದು ಅಂತ ಹೇಳಿ."

"ಆಮೇಲೆ? 'ಓ, ಕ್ಷೌರದವರಾ ನೀವು' ಅಂತಾರೆ!"

"ಹೌದು ಅಂತ ಹೇಳಿ."

ಅಕ್ಕನ ಮುಖ ಕೆಂಪಾಯಿತು. "ನಿನಗೇನು ಗೊತ್ತು? ನಾನು ಶಾಲೆಗೆ ಹೋಗುವಾಗ ಬೆಂಚಲ್ಲಿ ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ಲ. 'ಕತ್ತರಿ, ಕತ್ತರಿ' ಅಂತ ಬೆರಳು ಆಡಿಸೋರು. ಅದನ್ನ ದಾಟಿ ಬರೋಕೆ ನಾನು ಇಷ್ಟು ದೂರ ಬಂದೆ. ನೀನು ಅದನ್ನ ಬೋರ್ಡ್ ಬರೆಸಿ ಬಾಗಿಲಿಗೆ ಹಾಕ್ತೀಯಲ್ಲೇ!"

ಚೂಟಿಗೆ ಅಕ್ಕನ ಮೇಲೆ ಬಂದ ಸಿಟ್ಟು ಅಲ್ಲೇ ಕರಗಿ ಬೇರೆ ಏನೋ ಆಯಿತು. ತನ್ನ ಮುಂದೆಯೂ ಬೆರಳು ಆಡಿಸಿದ್ದರು. ಅವಳಿಗೂ ಆ ಬೆಂಚು ಗೊತ್ತಿತ್ತು.

"ಅಕ್ಕ, ನನಗೂ ಹಾಗೇ ಮಾಡಿದ್ರು" ಎಂದಳು. "ತಪ್ಪು ಮಾಡಿದ್ದು ಬೆರಳು ಆಡಿಸಿದವರು. ನಾವು ಯಾಕೆ ಬಚ್ಚಿಟ್ಕೊಬೇಕು? ನಿಮ್ಮಪ್ಪ ಆ ಕತ್ತರೀಲೇ ನಿಮ್ಮನ್ನ ಓದಿಸಿದ್ರು. ನಮ್ಮಪ್ಪ ಈಗಲೂ ನಿಂತ್ಕೊಂಡೇ ಇದ್ದಾರೆ ಕುರ್ಚಿ ಹಿಂದೆ. ಬೋರ್ಡ್ ತೆಗೆಯಲ್ಲ."

ಅಕ್ಕ ತಮ್ಮನ ಕಡೆ ತಿರುಗಿದಳು. "ನೀನೇ ತೆಗಿ. ಹೋಗು, ಸ್ಕ್ರೂಡ್ರೈವರ್ ತಗೊಂಡು ಬಾ."

ಗಂಡ ಎದ್ದ. ಅಡುಗೆಮನೆಯ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಹೋದ. ಇಬ್ಬರು ಹೆಂಗಸರೂ ಹಿಂದೆಯೇ ಬಾಗಿಲಿಗೆ ಬಂದರು. ಅವನು ಬೋರ್ಡಿನ ಮುಂದೆ ನಿಂತು, ವಾಲಿದ್ದ ಮೂಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅರ್ಧಕ್ಕೆ ನಿಂತಿದ್ದ ಸ್ಕ್ರೂವನ್ನು ಪೂರ್ತಿ ಬಿಗಿದ. ಉಳಿದವನ್ನೂ ಒಂದು ಸುತ್ತು ಬಿಗಿದ. ಎರಡು ಹೆಜ್ಜೆ ಹಿಂದೆ ಬಂದು ನೋಡಿದ.

"ಈಗ ನೆಟ್ಟಗಿದೆ" ಎಂದ, ಯಾರ ಮುಖವನ್ನೂ ನೋಡದೆ. "ಅಕ್ಕ, ಕಾಫಿ ಕುಡ್ಕೊಂಡು ಹೋಗು."

ಅಕ್ಕ ಕಾಫಿ ಕುಡಿಯಲಿಲ್ಲ. ಎರಡು ತಿಂಗಳು ಆ ಕಡೆ ಸುಳಿಯಲೂ ಇಲ್ಲ.

* * *

ಮ್ಯಾನೇಜರ್ ಕರೆಸಿದ್ದು ಅದಾದ ಮೇಲೆ. ಅವನು ಕೂಗಾಡುವವನಲ್ಲ, ನಗುತ್ತಲೇ ಕತ್ತು ಹಿಸುಕುವವನು. ಒಬ್ಬಳೇ ಹೋಗಬೇಡ ಎಂದು ಆರೈಕೆ ಮನೆಯ ಅಡುಗೆಯವಳು ಏಪ್ರನ್ನಿನಲ್ಲೇ ಜೊತೆಗೆ ಬಂದಳು. ಅವಳು ಕೆಲಸಗಾರರ ಸಂಘದ ಪ್ರತಿನಿಧಿ. ಸಾಂಬಾರು ಕಲಕುವ ಸೌಟಿನಷ್ಟೇ ಉದ್ದ ಕೈ, ಅಷ್ಟೇ ಉದ್ದ ನಾಲಿಗೆ. ಅವಳೂ ಬೇರೆ ಯಾವುದೋ ದೇಶದಿಂದ ಬಂದವಳೇ.

"ಸಲೂನಿನವರು ದೂರು ಕೊಟ್ಟಿದ್ದಾರೆ" ಎಂದ ಮ್ಯಾನೇಜರ್. "ನಿನ್ನ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇದೆ. ಅದಕ್ಕೇ ಸುಲಭದ ದಾರಿ ಹೇಳ್ತೀನಿ. ಸ್ವಂತ ವ್ಯವಹಾರ ನಿಲ್ಲಿಸ್ತೀನಿ ಅಂತ ಇಲ್ಲಿ ಸಹಿ ಮಾಡು. ಎಲ್ಲ ಮರೆತುಬಿಡೋಣ."

ಚೂಟಿ ಪೆನ್ನು ಮುಟ್ಟಲಿಲ್ಲ. "ನಾನು ಮೊದಲೇ ತಿಳಿಸಿದ್ದೆ. ನೀವು ಉತ್ತರ ಕೊಡಲಿಲ್ಲ."

"ಈಗ ಕೊಡ್ತಿದ್ದೀನಿ. ನಿನ್ನ ವಿಮೆ, ನಿನ್ನ ಭದ್ರತೆ ಎಲ್ಲದರ ಅರ್ಧ ಭಾರ ನಮ್ಮದು. ಹೊರಗೆ ದುಡಿದು ಬೆನ್ನು ಹಿಡ್ಕೊಂಡು ಬಂದರೆ ನಾವು ಯಾಕೆ ಹೊರಬೇಕು?"

"ನೀವು ಹೊರಬೇಕಿಲ್ಲ. ಆ ಕೆಲಸಕ್ಕೆ ಅಂತ ನಾನೇ ಬೇರೆ ಕಟ್ತೀನಿ." ಪರಭಾಷೆಯಲ್ಲಿ ಸಿಟ್ಟು ಬಂದಾಗ ಮೊದಲು ಕೈಕೊಡುವುದು ವ್ಯಾಕರಣ. ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿಯಾಗಿ ಬಂದವು. "ನಾನು ತಡ ಬಂದಿದ್ದು ಇದೆಯಾ? ಯಾರನ್ನಾದ್ರೂ ಬೀಳಿಸಿದ್ದು ಇದೆಯಾ? ಹೇಳಿ. ಇದ್ದರೆ ಸಹಿ ಮಾಡ್ತೀನಿ."

ಮ್ಯಾನೇಜರ್ ನಗು ಬಿಡಲಿಲ್ಲ. "ಹೊರದೇಶದಿಂದ ಬಂದವರಿಗೆ ಒಂದು ಕೆಲಸ ಗಟ್ಟಿಯಾಗಿರೋದೇ ಅದೃಷ್ಟ. ಅದನ್ನ ಪಣಕ್ಕಿಡಬೇಡ ಅಂತ ಸ್ನೇಹಿತನಾಗಿ ಹೇಳ್ತಿದ್ದೀನಿ."

"ಸ್ನೇಹಿತ ಹೇಳಿದ್ದನ್ನ ಬರೆದು ಕೊಡಲಿ" ಎಂದಳು ಅಡುಗೆಯವಳು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ. "ಈ ವಾಕ್ಯಾನೇ, ಹೀಗೇ. ಸಂಘಕ್ಕೆ ಒಂದು ಪ್ರತಿ."

ಚೂಟಿ ಎದ್ದು ನಿಂತಳು. ಅವಳಿಗೆ ಹೆದರಿಕೆ ಹೋಗಿರಲಿಲ್ಲ. ಆದರೆ ಬಗ್ಗುವ ಮನಸ್ಸು ಇರಲಿಲ್ಲ. "ನಾನು ಎರಡೂ ಮಾಡ್ತೀನಿ" ಎಂದಳು. ಈ ಸಲ ವಾಕ್ಯ ತಪ್ಪಿಲ್ಲದೆ ಬಂತು.

ಮ್ಯಾನೇಜರ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆಯಲು ಆಗಲಿಲ್ಲ. ಅದರ ಬದಲು ಮುಂದಿನ ವಾರ ಅವಳನ್ನು ಮೇಲಿನ ಮಹಡಿಯಿಂದ ನೆಲಮಾಳಿಗೆಯ ಲಾಂಡ್ರಿಗೆ ಇಳಿಸಿದ. ಸಂಬಳ ಅಷ್ಟೇ, ಪಾಳಿ ಅಷ್ಟೇ, ದೂರು ಕೊಡಲು ಎಲ್ಲೂ ಎಡೆಯಿಲ್ಲ. ಇಡೀ ಮನೆಯ ಕೊಳೆ ಹಾಸುಗಳು ಮಹಡಿಗಳಿಂದ ಇಳಿಬಿಟ್ಟ ಒಂದು ಅಗಲದ ಕೊಳವೆಯಿಂದ ದಬದಬನೆ ಬಂದು ಬೀಳುತ್ತಿದ್ದವು. ಅಷ್ಟು ದೊಡ್ಡ ಯಂತ್ರಗಳ ಸದ್ದಿನಲ್ಲಿ ಯಾರೊಂದಿಗೂ ಮಾತಿಲ್ಲ. ಅವನ ಲೆಕ್ಕಾಚಾರ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು: ಮನುಷ್ಯರಿಲ್ಲದ ಕಡೆ ಇಟ್ಟರೆ ತಾನಾಗಿಯೇ ಹೋಗುತ್ತಾಳೆ.

ಮೊದಲ ದಿನ ಅವಳು ಹಾಸು ಮಡಚುತ್ತಾ ಅತ್ತಳು. ಯಾರಿಗೂ ಕೇಳುವಂತಿರಲಿಲ್ಲವಾದ್ದರಿಂದ ಜೋರಾಗಿಯೇ ಅತ್ತಳು. ಎರಡನೆಯ ದಿನ ಹಾಡಿಕೊಂಡಳು. ಅದೂ ಜೋರಾಗಿಯೇ.

ಬಾಧಿಸಿದ್ದು ಒಂದೇ. ಮೇಲಿನ ಮಹಡಿಗೆ ಅವಳು ಕೆಲಸದ ವೇಳೆಯಲ್ಲಿ ಕಾಲಿಡುವಂತಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಅಜ್ಜಿ "ಆ ಹುಡುಗಿ ಎಲ್ಲಿ?" ಎಂದು ದಿನಾ ಕೇಳುತ್ತಾರಂತೆ. ಕೂದಲು ಮತ್ತೆ ಕಿವಿ ಮುಚ್ಚಿದೆಯಂತೆ. ಸಲೂನಿನವಳನ್ನು ಹೇಗೋ ಒಪ್ಪಿಸಿ ಮೇಲೆ ಕಳಿಸಿದರೆ, ಅಜ್ಜಿ ಬೆತ್ತ ಎತ್ತುವ ದನಿಯಲ್ಲಿ "ಹೊರಗೆ" ಎಂದರಂತೆ.

ಅಜ್ಜಿಯ ಮಗಳು ಬಸ್ಸಿನ ಡಿಪೋದಿಂದಲೇ ಫೋನ್ ಮಾಡಿದಳು. "ಅಮ್ಮನನ್ನ ನೋಡೋಕೆ ಡಾಕ್ಟರು ಹೊರಗಿನಿಂದ ಬರ್ತಾರೆ. ಉಗುರು ತೆಗೆಯೋಳು ಹೊರಗಿನಿಂದ ಬರ್ತಾಳೆ. ಯಾರನ್ನ ಕರೆಸಬೇಕು ಅನ್ನೋದು ಅಮ್ಮನ ಇಷ್ಟ, ಅದು ಅವರ ಕೋಣೆ. ನಾನು ನಿನ್ನ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ತಿದ್ದೀನಿ. ನಿನ್ನ ರಜೆ ಯಾವತ್ತು?"

"ಗುರುವಾರ."

"ಗುರುವಾರ ಬಾ. ಯೂನಿಫಾರ್ಮ್ ಹಾಕಬೇಡ."

* * *

ಗುರುವಾರ ಚೂಟಿ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡಳು. ಹೊಸ ಕೈಪೆಟ್ಟಿಗೆಯಲ್ಲಿ ಕತ್ತರಿ, ಬಾಚಣಿಗೆ, ನೀರಿನ ಸ್ಪ್ರೇ, ಪೌಡರು. ಗಂಡ ಬಸ್ ನಿಲ್ದಾಣದವರೆಗೆ ಪೆಟ್ಟಿಗೆ ಹಿಡಿದುಕೊಂಡು ಬಂದ.

ಆರೈಕೆ ಮನೆಯ ಕೆಲಸಗಾರರೆಲ್ಲ ಹಿಂದಿನ ಗೇಟಿನಿಂದ, ಕಸದ ಡಬ್ಬಗಳ ಪಕ್ಕದ ಬಾಗಿಲಿನಿಂದ ಒಳಗೆ ಹೋಗಬೇಕು. ಇಷ್ಟು ವರ್ಷ ಅವಳು ಹೋಗಿದ್ದೂ ಅಲ್ಲಿಂದಲೇ. ಅವಳ ಕಾಲು ಅಭ್ಯಾಸಬಲದಿಂದ ಆ ಕಡೆಗೇ ತಿರುಗಿತು. ನಿಂತಳು. ಕಾಲನ್ನು ವಾಪಸು ತಿರುಗಿಸಿಕೊಂಡು ಮುಂದಿನ ದಾರಿ ಹಿಡಿದಳು. ಹೂಕುಂಡಗಳ ನಡುವಿನ ದೊಡ್ಡ ಗಾಜಿನ ಬಾಗಿಲು ಅವಳನ್ನು ನೋಡಿ, ಎಲ್ಲರಿಗೂ ತೆರೆದುಕೊಳ್ಳುವ ಹಾಗೆಯೇ, ತಾನಾಗಿ ತೆರೆದುಕೊಂಡಿತು.

ಸ್ವಾಗತದ ಮೇಜಿನಲ್ಲಿದ್ದ ಹುಡುಗಿ ಗುರುತು ಹಿಡಿದು ಕಕ್ಕಾಬಿಕ್ಕಿಯಾದಳು. "ನೀವು... ಲಾಂಡ್ರಿ..."

"ಇವತ್ತು ಅಲ್ಲ. ಮೇಲಿನ ಮಹಡಿಯ ಹೆಡ್‌ಮಿಸ್ಟ್ರೆಸ್ ನನ್ನನ್ನ ಕರೆಸಿದ್ದಾರೆ. ಕೂದಲು ಕತ್ತರಿಸೋಕೆ."

ಹುಡುಗಿ ಒಳಗೆ ಫೋನ್ ಮಾಡಿದಳು. ಮ್ಯಾನೇಜರ್ ಹೊರಗೆ ಬಂದ. ಅವಳ ನೀಲಿ ಅಂಗಿಯನ್ನೂ ಪೆಟ್ಟಿಗೆಯನ್ನೂ ನೋಡಿದ.

"ಇವತ್ತು ನಿನಗೆ ರಜೆ ಅಲ್ವಾ?"

"ಹೌದು" ಎಂದಳು ಚೂಟಿ. "ರಜೆ ನನಗೆ. ನನ್ನ ಅಂಗಡಿಗಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಅಜ್ಜಿಯ ಮಗಳು, ಬಸ್ ಚಾಲಕಿಯ ಸಮವಸ್ತ್ರದಲ್ಲೇ, ಇಡೀ ಹಜಾರಕ್ಕೆ ಕೇಳುವ ದನಿಯಲ್ಲಿ, "ಬಂದ್ರಾ ಮೇಡಂ! ಅಮ್ಮ ಬೆಳಿಗ್ಗೆಯಿಂದ ಕಾಯ್ತಿದ್ದಾರೆ" ಎಂದಳು.

ಮೇಡಂ! ಚೂಟಿಗೆ ನಗು ತಡೆಯುವುದು ಕಷ್ಟವಾಯಿತು.

ಮೇಲೆ ಅಜ್ಜಿ ಹೊದಿಕೆಯನ್ನು ಸೊಂಟದವರೆಗೆ ಸರಿಸಿಕೊಂಡು ತಯಾರಾಗಿದ್ದರು. "ತಡ" ಎಂದರು.

"ಕೆಳಗೆ ಸ್ವಲ್ಪ ಮಾತುಕತೆ ಇತ್ತು, ಅಜ್ಜಿ."

"ಗೆದ್ದೆಯಾ?"

"ಇನ್ನೂ ಗೊತ್ತಿಲ್ಲ. ತಲೆ ಎತ್ತಿ, ಟವೆಲ್ ಇಡ್ತೀನಿ."

ಅವಳು ಹಾಳೆ ಹಾಸಿ, ಕೂದಲು ನೆನೆಸಿ, ಕತ್ತರಿ ಆಡಿಸತೊಡಗಿದಳು. ಎದುರು ಕೋಣೆಯಿಂದ ಒಬ್ಬ ಮುದುಕ ಕೈಯೆತ್ತಿ ತನ್ನ ತಲೆ ತೋರಿಸಿ ಸನ್ನೆ ಮಾಡಿದ. ಅವಳು ಬಾಚಣಿಗೆ ಎತ್ತಿ, ಇದಾದ ಮೇಲೆ ನಿಮ್ಮದು ಎಂದು ಸನ್ನೆಯಲ್ಲೇ ಹೇಳಿದಳು. ಮ್ಯಾನೇಜರ್ ಹಿಂದೆಯೇ ಬಂದಿರಬೇಕು. ಯಾವಾಗಲೋ ಬಾಗಿಲಿನ ಚೌಕಟ್ಟಿನಲ್ಲಿ ನಿಂತು ನೋಡುತ್ತಿದ್ದ. ಕಾರಿಡಾರಿನ ಕಿಟಕಿಯಿಂದ ಬರುತ್ತಿದ್ದ ಬೆಳಕೆಲ್ಲ ಅವನ ಬೆನ್ನಿನ ಮೇಲೇ ನಿಂತು, ಅಜ್ಜಿಯ ತಲೆಯ ಮೇಲೆ ನೆರಳು ಬಿದ್ದಿತು.

ಚೂಟಿ ಕತ್ತರಿ ನಿಲ್ಲಿಸಿ ತಿರುಗಿದಳು.

"ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಸರ್" ಎಂದಳು. "ಬೆಳಕು ಬೇಕು."

ಅವನು ಪಕ್ಕಕ್ಕೆ ಸರಿದ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಹಿಂದಿನ ಗೇಟಿನಿಂದ ನೆಲಮಾಳಿಗೆಗೆ ಇಳಿದಳು. ಕೊಳವೆಯಿಂದ ಹಾಸುಗಳು ಬೀಳುತ್ತಿದ್ದವು. ಮ್ಯಾನೇಜರ್ ಮುಂದೆಯೂ ಅವಳನ್ನು ಮೇಲಿನ ಮಹಡಿಗೆ ಹಾಕಲಿಲ್ಲ, ಅವಳೂ ಕೇಳಲಿಲ್ಲ. ಊಟದ ಬಿಡುವಿನಲ್ಲಿ ಫೋನ್ ಬಂತು. ಅಕ್ಕ. ಎರಡು ತಿಂಗಳ ಮೇಲೆ ಮೊದಲ ಸಲ. ಕುಶಲ ಕೇಳಲಿಲ್ಲ, ಕೋಟಿನ ಮಾತೆತ್ತಲಿಲ್ಲ.

"ನಮ್ಮ ಮೇಲಿನ ಮನೆಯವರ ತಾಯಿ ಮಲಗಿಬಿಟ್ಟಿದ್ದಾರೆ" ಎಂದಳು ಅಕ್ಕ, ಬಿಗಿದ ದನಿಯಲ್ಲಿ. "ಯಾರಾದ್ರೂ ಗೊತ್ತಾ ಅಂತ ಕೇಳಿದ್ರು."

"ನೀವೇನಂದ್ರಿ?"

ಯಂತ್ರವೊಂದು ತಿರುಗಿ ನಿಂತಿತು.

"ನನ್ನ ತಮ್ಮನ ಹೆಂಡ್ತಿ ಮಾಡ್ತಾಳೆ ಅಂದೆ" ಎಂದಳು ಅಕ್ಕ. "ಅಪ್ಪನ ಕಸುಬು ಅಂತ ಇನ್ನೂ ಹೇಳಿಲ್ಲ. ಅವಸರ ಮಾಡಬೇಡ."

"ಇಲ್ಲಕ್ಕ, ಮಾಡಲ್ಲ" ಎಂದು ಚೂಟಿ ಪೆನ್ನಿನ ಮುಚ್ಚಳ ತೆಗೆದಳು. "ವಿಳಾಸ ಹೇಳಿ."